ಮೈಟೊಕಾಂಡ್ರಿಯ ಅಮ್ಮನಿಂದ ಬರುತ್ತದೆ ಅಂದರೆ ಅಮ್ಮನ ಅಂಡಾಶಯದ ಕ್ಯಾನ್ಸರೂ ಹಾಗೇ ಬರುತ್ತಾ?

ಇಲ್ಲ, ಆ ದಾರಿಯಲ್ಲಿ ಬರುವುದಿಲ್ಲ. ಅಮ್ಮನಿಗೆ ಕಿದ್ವಾಯಿ ಆಸ್ಪತ್ರೆಯಲ್ಲಿ ಕೀಮೋ ನಡೀತಿದೆ, ಮೈಟೊಕಾಂಡ್ರಿಯ (ಜೀವಕೋಶದೊಳಗೆ ಆಹಾರ ಉರಿಸಿ ಶಕ್ತಿ ಕೊಡುವ ಪುಟ್ಟ ಭಾಗ) ಅಮ್ಮನಿಂದಲೇ ಬರುತ್ತದೆ ಅಂತ ಓದಿ ನಿಮಗೂ ತಂಗಿಗೂ ಭಯ ಹತ್ತಿದೆ, ಅದನ್ನು 'ರಿಪೇರಿ' ಮಾಡುವ ಮಾತ್ರೆ ತಗೋಬೇಕಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಬೆಂಗಳೂರಿನಲ್ಲೇ ಒಂದು ಲ್ಯಾಬಿನಲ್ಲಿ ಕ್ಯಾನ್ಸರ್ ಜೀವಕೋಶ ಬೆಳೆಸಿ ನೋಡುವ ಕೆಲಸ ನನ್ನದು.

ಮೈಟೊಕಾಂಡ್ರಿಯಕ್ಕೆ ತನ್ನದೇ ಡಿಎನ್‌ಎ ಇರುವುದು ನಿಜ. ಆದರೆ ಅದು ತೀರಾ ಪುಟ್ಟದು, 16,569 ಅಕ್ಷರ, 37 ಜೀನ್, ಅಷ್ಟೇ. ಅಂಡಾಶಯದ ಕ್ಯಾನ್ಸರ್ ಮನೆತನದಲ್ಲಿ ಇಳಿದು ಬರಲು ಮುಖ್ಯ ಕಾರಣವಾದ ಬಿಆರ್‌ಸಿಎ1, ಬಿಆರ್‌ಸಿಎ2 ಜೀನ್‌ಗಳು ಅಲ್ಲಿ ಇಲ್ಲವೇ ಇಲ್ಲ. ಅವು ಇರುವುದು ನ್ಯೂಕ್ಲಿಯಸ್‌ನಲ್ಲಿ, 17 ಮತ್ತು 13ನೇ ಕ್ರೋಮೋಸೋಮ್‌ಗಳ ಮೇಲೆ. ಹಾಗಾಗಿ ಆ ದೋಷ ಅಪ್ಪನ ಕಡೆಯಿಂದಲೂ ಬರಬಹುದು. (ಇದೇ ದೋಷದಿಂದ ಸ್ತನದ ಕ್ಯಾನ್ಸರೂ ಬರಬಹುದು, ಆದರೆ ಸೋದರತ್ತೆಗೆ ಅದು ಇತ್ತಾ ಅಂತ ನಮ್ಮ ಮನೆಗಳಲ್ಲಿ ಯಾರು ಕೇಳುತ್ತಾರೆ ಹೇಳಿ.) ಅಮ್ಮನಿಗೆ ದೋಷ ಇದ್ದರೂ ಒಬ್ಬೊಬ್ಬ ಮಗುವಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ.

ಹಾಗಂತ ಮೈಟೊಕಾಂಡ್ರಿಯಕ್ಕೂ ಈ ಕಾಯಿಲೆಗೂ ಸಂಬಂಧವೇ ಇಲ್ಲ ಅಂತಲ್ಲ. ಗಡ್ಡೆಯೊಳಗೆ ಅದರ ಡಿಎನ್‌ಎ ಬದಲಾಗಿರುವುದು ಕಾಣುತ್ತದೆ, ಗರ್ಭಕೋಶದ ಒಳಪದರದ ಕ್ಯಾನ್ಸರ್‌ನಲ್ಲೂ ಅಷ್ಟೇ, ಆದರೆ ಸಾಮಾನ್ಯವಾಗಿ ಅದು ಗಡ್ಡೆ ಬೆಳೆಯುವಾಗ ಅಲ್ಲೇ ಆದದ್ದು, ಹುಟ್ಟಿನಿಂದ ಬಂದದ್ದಲ್ಲ. 1920ರ ದಶಕದಲ್ಲಿ ವಾರ್ಬರ್ಗ್ ಎಂಬ ಜರ್ಮನ್ ವಿಜ್ಞಾನಿ ಒಂದು ವಿಚಿತ್ರ ಕಂಡರು: ಆಮ್ಲಜನಕ ಬೇಕಾದಷ್ಟಿದ್ದರೂ ಕ್ಯಾನ್ಸರ್ ಜೀವಕೋಶ ಸಕ್ಕರೆಯನ್ನು ಹುಳಿಸುತ್ತದೆ, ಮನೆಯಲ್ಲಿ ಗ್ಯಾಸ್ ಇದ್ದೂ ಸೌದೆ ಒಲೆ ಹಚ್ಚಿದ ಹಾಗೆ. ಮೈಟೊಕಾಂಡ್ರಿಯ ಕೆಟ್ಟಿರಬೇಕು ಅಂದುಕೊಂಡರು. ಈಗ ಗೊತ್ತಿರುವುದು ಬೇರೆ, ಹೆಚ್ಚಿನ ಗಡ್ಡೆಗಳಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತದೆ. ಅಂಡಾಶಯದ ಕ್ಯಾನ್ಸರ್ ಕರುಳಿನ ಮೇಲಿನ ಕೊಬ್ಬಿನ ಪದರಕ್ಕೆ, ಅಂದರೆ ಓಮೆಂಟಮ್‌ಗೆ ಹರಡುತ್ತದೆ ಅಲ್ವಾ, ಅಲ್ಲಿನ ಕೊಬ್ಬನ್ನು ಎಳೆದುಕೊಂಡು ಮೈಟೊಕಾಂಡ್ರಿಯದಲ್ಲೇ ಉರಿಸಿ ಬೆಳೆಯುತ್ತದೆ.

ಇನ್ನೊಂದು, ನನಗೆ ಇದೇ ಜಾಸ್ತಿ ಮುಖ್ಯ ಅನ್ನಿಸುತ್ತದೆ. ಕಾರ್ಬೊಪ್ಲಾಟಿನ್ ಎಂಬ ಕೀಮೋ ಔಷಧ ಕೊಟ್ಟಾಗ ಕ್ಯಾನ್ಸರ್ ಜೀವಕೋಶದ ಡಿಎನ್‌ಎ ಕೆಡುತ್ತದೆ, ಆಮೇಲೆ ಮೈಟೊಕಾಂಡ್ರಿಯದ ಹೊರಪೊರೆ ತೂತಾಗಿ ಸೈಟೊಕ್ರೋಮ್ ಸಿ ಎಂಬ ಪ್ರೋಟೀನ್ ಸೋರಬೇಕು, ಆಗ ಜೀವಕೋಶ ತಾನೇ ಸಾಯುತ್ತದೆ. ಬಿಸಿಎಲ್-ಎಕ್ಸ್‌ಎಲ್‌ನಂಥ ಪ್ರೋಟೀನ್ ಜಾಸ್ತಿ ಇದ್ದರೆ ಆ ತೂತು ಸುಲಭಕ್ಕೆ ಬೀಳುವುದಿಲ್ಲ. ಔಷಧ ನಾಟದಿರಲು ಇದೂ ಒಂದು ಕಾರಣ.

ಗರ್ಭಕೊರಳಿನ ಕ್ಯಾನ್ಸರ್ ಕತೆ ಬೇರೆ, ಅದಕ್ಕೆ ಬಹುತೇಕ ಎಚ್‌ಪಿವಿ ವೈರಸ್ಸೇ ಕಾರಣ, ಲಸಿಕೆಯೂ ಇದೆ.

ಮಾತ್ರೆ ವಿಷಯ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮೈಟೊಕಾಂಡ್ರಿಯದ ಕೆಲಸವನ್ನೇ ತಡೆಯುತ್ತದೆ, ಅದರ ಮೇಲೆ ತುಂಬಾ ಆಸೆ ಇತ್ತು. ಮುಂದುವರಿದ ಗರ್ಭಕೋಶದ ಕ್ಯಾನ್ಸರ್‌ನಲ್ಲಿ ಕೀಮೋ ಜೊತೆ ಕೊಟ್ಟು ನೋಡಿದಾಗ ಲಾಭ ಕಾಣಲಿಲ್ಲ. ಅಷ್ಟು ಪರೀಕ್ಷೆಗೆ ಒಳಪಟ್ಟ ಔಷಧದ ಗತಿಯೇ ಹೀಗಿರುವಾಗ ಆನ್‌ಲೈನ್ ಡಬ್ಬಿಗೆ ದುಡ್ಡು ಹಾಕಬೇಡಿ. ಅಮ್ಮನಿಗಂತೂ ಕೀಮೋ ನಡೆಯುವಾಗ ಡಾಕ್ಟರಿಗೆ ಹೇಳದೆ ಯಾವ ಆ್ಯಂಟಿಆಕ್ಸಿಡೆಂಟನ್ನೂ ಕೊಡಬೇಡಿ.

ಮುಂದಿನ ಸಲ ಹೋದಾಗ ಬಿಆರ್‌ಸಿಎ ಟೆಸ್ಟ್ ಬಗ್ಗೆ ಕೇಳಿ. ಮೊದಲು ಅಮ್ಮನಿಗೆ ಮಾಡಿಸಿ, ನಿಮಗಲ್ಲ. ಅವರಲ್ಲಿ ದೋಷ ಸಿಕ್ಕರೆ ಓಲಾಪರಿಬ್‌ನಂಥ ಮಾತ್ರೆ ಅವರಿಗೇ ಉಪಯೋಗಕ್ಕೆ ಬರಬಹುದು, ಆಮೇಲೆ ನೀವೂ ತಂಗಿಯೂ ಅದೊಂದೇ ದೋಷಕ್ಕೆ ರಕ್ತ ಕೊಟ್ಟರೆ ಸಾಕು.