ಕೋಹಾ ನಿರ್ವಹಣೆ ಗ್ರಂಥಾಲಯದ್ದೋ, ಕಂಪ್ಯೂಟರ್ ವಿಭಾಗದ್ದೋ?

ಗ್ರಂಥಾಲಯದ ಪುಸ್ತಕಗಳ ದಾಖಲೆ, ಹುಡುಕಾಟ, ವಿತರಣೆಗಳನ್ನು ನಿರ್ವಹಿಸುವ ಕೋಹಾ ತಂತ್ರಾಂಶವನ್ನು ಗ್ರಂಥಪಾಲಕರೇ ಕಲಿತು ನೋಡಿಕೊಳ್ಳಬೇಕೋ, ಕಾಲೇಜಿನ ಕಂಪ್ಯೂಟರ್ ವಿಭಾಗಕ್ಕೆ ಬಿಟ್ಟುಕೊಡಬೇಕೋ ಎಂದು ಕೇಳಿದ್ದೀರಿ. ನಮ್ಮಲ್ಲಿ ಬಿಟ್ಟುಕೊಟ್ಟೆವು. ಹಳೆಯ ತಂತ್ರಾಂಶದಲ್ಲಿದ್ದ ದಾಖಲೆಗಳನ್ನೆಲ್ಲ ಒಂದು ಫೈಲಿಗೆ ಇಳಿಸಿ ತಾಂತ್ರಿಕ ಸಿಬ್ಬಂದಿಯ ಕೈಗೆ ಕೊಟ್ಟೆ; ಅವರು ಅದನ್ನು ಗ್ರಂಥಾಲಯ ದಾಖಲೆಗಳ ಪ್ರಮಾಣಿತ ವಿನ್ಯಾಸವಾದ ಮಾರ್ಕ್ 21 ರೂಪಕ್ಕೆ ತಂದು ಕೋಹಾಕ್ಕೆ ಸೇರಿಸಿದರು. ದಾಖಲೆಗಳ ಸಂಖ್ಯೆ ತಾಳೆಯಾಯಿತು, ನಾನು ಸಹಿ ಹಾಕಿದೆ. ಇಂಗ್ಲಿಷ್ ಪುಸ್ತಕಗಳು ಹುಡುಕಿದ ಕೂಡಲೇ ಸಿಕ್ಕವು. ಕನ್ನಡದ ಒಂದು ಪುಸ್ತಕವೂ ಸಿಗಲಿಲ್ಲ.

ನಮ್ಮ ಕನ್ನಡ ಶೀರ್ಷಿಕೆಗಳನ್ನು ಟೈಪ್ ಮಾಡಿದ್ದು, ಎಲ್ಲ ಭಾಷೆಗಳ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟಿನಲ್ಲಿ. ಅಂಥ ಫಾಂಟಿನಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡವಾದರೂ ಕಂಪ್ಯೂಟರಿನಲ್ಲಿ ಉಳಿಯುವುದು ರೋಮನ್ ಅಕ್ಷರ, ಚಿಹ್ನೆಗಳ ಸಂಕೇತಗಳು. ಫಾಂಟ್ ಇಲ್ಲದ ಕಡೆ ಅವು ಅರ್ಥವಿಲ್ಲದ ಅಕ್ಷರರಾಶಿಯಾಗಿ ಕಾಣುತ್ತವೆ. ಇದು ನನಗೆ ಗೊತ್ತಿತ್ತು. ತಾಂತ್ರಿಕ ವಿಷಯವಲ್ಲವೇ, ಅವರಿಗೂ ಗೊತ್ತಿದ್ದೇ ಇರುತ್ತದೆ ಎಂದುಕೊಂಡು ಬಾಯಿ ಬಿಡಲಿಲ್ಲ. ನುಡಿ ಅಕ್ಷರಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕವನ್ನು ಇಡೀ ಫೈಲಿಗೆ ಅನ್ವಯಿಸೋಣವೆಂದರೆ ಇಂಗ್ಲಿಷ್ ಶೀರ್ಷಿಕೆಗಳೂ ಕೆಡುತ್ತವೆ. ಯಾವ ದಾಖಲೆ ಕನ್ನಡದ್ದೆಂದು ತೋರಿಸುವ ಭಾಷಾ ಸಂಕೇತವನ್ನು ನಾವು ಎಂದೂ ತುಂಬಿರಲಿಲ್ಲ. ಅಷ್ಟರಲ್ಲಿ ಹೊಸ ಪುಸ್ತಕಗಳು ಯೂನಿಕೋಡ್‌ನಲ್ಲಿ ಸೇರತೊಡಗಿ, ಎರಡೂ ಬಗೆಯ ಕನ್ನಡ ಒಂದರೊಳಗೊಂದು ಬೆರೆತುಹೋಯಿತು. ಪುಸ್ತಕಗಳನ್ನು ಬಂದ ಕ್ರಮದಲ್ಲಿ ದಾಖಲಿಸುವ ಅಕ್ಸೆಷನ್ ರಿಜಿಸ್ಟರ್ ಇಟ್ಟುಕೊಂಡು ಒಂದೊಂದನ್ನೇ ಬೇರ್ಪಡಿಸಬೇಕಾಯಿತು. ಕನ್ನಡ ವಿಭಾಗದ ವಿದ್ಯಾರ್ಥಿಗಳು ಕಪಾಟಿನಲ್ಲೇ ಇದ್ದ ಪುಸ್ತಕಗಳನ್ನು ಇಲ್ಲವೆಂದು ತಿಳಿದು ಹಿಂದಿರುಗುತ್ತಿದ್ದುದು ನನಗೆ ಈಗಲೂ ನೋವಿನ ವಿಷಯ.

ಪರಿವರ್ತನೆ ಮುಗಿದರೂ ಹುಡುಕಾಟ ಸರಿಹೋಗಲಿಲ್ಲ. ಕೋಹಾ ಹುಡುಕಾಟಕ್ಕೆ ಬಳಸುವ ಝೀಬ್ರಾ ತಂತ್ರಾಂಶದ ಸೂಚಿಯನ್ನು, ಯೂನಿಕೋಡ್ ಅಕ್ಷರಗಳನ್ನು ಸರಿಯಾಗಿ ಗುರುತಿಸುವ ಐಸಿಯು ವಿಧಾನಕ್ಕೆ ಬದಲಿಸಿ ಮತ್ತೆ ಕಟ್ಟಬೇಕೆಂದು ಕಂಡುಹಿಡಿದವರು ಆ ತಾಂತ್ರಿಕ ಸಹೋದ್ಯೋಗಿಯೇ. ನನಗೆ ಅದು ಹೊಳೆಯುವಂಥದ್ದೇ ಆಗಿರಲಿಲ್ಲ.

ಆದ್ದರಿಂದ ಯಾರಾದರೊಬ್ಬರ ಕೈಗೆ ಒಪ್ಪಿಸಬೇಕೆಂಬ ನಿಮ್ಮ ಆಲೋಚನೆಯನ್ನೇ ನಾನು ಒಪ್ಪುವುದಿಲ್ಲ. ಸರ್ವರ್ ಮತ್ತು ಬ್ಯಾಕಪ್ ಅವರ ಹೊಣೆಯಾಗಿರಲಿ. ದಾಖಲೆಗಳನ್ನು ಸಾಗಿಸುವ ಮುನ್ನ ಮಾತ್ರ, ಕನ್ನಡದ್ದು, ಇಂಗ್ಲಿಷಿನದು, ಹಲವು ಸಂಪುಟಗಳದ್ದು, ಪಿಎಚ್.ಡಿ. ಪ್ರಬಂಧ ಹೀಗೆ ಕೆಲವನ್ನು ಆರಿಸಿ ಪ್ರಾಯೋಗಿಕ ಸರ್ವರಿಗೆ ಹಾಕಿಸಿ, ಅವರ ಪಕ್ಕದಲ್ಲಿ ಕುಳಿತು ವಿದ್ಯಾರ್ಥಿ ಹುಡುಕುವಂತೆ ನೀವೇ ಹುಡುಕಿರಿ. ನಿಮಗೆ ತೀರಾ ಸಾಮಾನ್ಯವೆನಿಸಿದ ಸಂಗತಿಯನ್ನೂ ಅವರಿಗೆ ಬರೆದುಕೊಡಿ. ಗ್ರಂಥಾಲಯ ಸಮಿತಿಗೆ ಅವರಲ್ಲೊಬ್ಬರನ್ನು ಸೇರಿಸಿಕೊಳ್ಳುವಂತೆ ಪ್ರಾಂಶುಪಾಲರನ್ನು ಕೇಳಿ. ಕನ್ನಡ ದಾಖಲೆಗಳೆಲ್ಲ ಪರಿಶೀಲನೆಯಾಗುವವರೆಗೆ ಹಳೆಯ ತಂತ್ರಾಂಶವಿರುವ ಕಂಪ್ಯೂಟರನ್ನು ಯಾರೂ ಅಳಿಸದಂತೆ ನೋಡಿಕೊಳ್ಳಿ.