ಹಾರರ್ ಸಿನಿಮಾ ಮೊದಲ ಐದು ನಿಮಿಷದಲ್ಲೇ ಹೆದರಿಸುವುದು ಹೇಗೆ?

ಕಾರ್ಕಳದ ಕಡೆಯ ಹಳೇ ಗುತ್ತಿನ ಮನೆಯಲ್ಲಿ (ತುಳುನಾಡಿನ ಹಿರಿಯ ಮನೆತನದ ದೊಡ್ಡ ಮನೆ) ಹಾರರ್ ಕಿರುಚಿತ್ರ ಮಾಡುತ್ತಿದ್ದೇನೆ, ಆರಂಭದಲ್ಲೇ ಹೆದರಿಸುವುದು ಹೇಗೆ ಅಂತ ಕೇಳಿದ್ದೀರಿ. ಏನೂ ಆಗದಿರುವಾಗಲೇ ಏನೋ ಆಗಲಿದೆ ಅನ್ನಿಸಬೇಕು, ಆರಂಭದ ದೃಶ್ಯದ ಕೆಲಸವೇ ಅದು. ಅದರಲ್ಲಿ ಮುಕ್ಕಾಲು ಪಾಲು ಶಬ್ದದ್ದು ಅಂತ ನನ್ನ ಅಭಿಪ್ರಾಯ.

1980ರ ‘ದಿ ಶೈನಿಂಗ್’ ನೋಡಿ. ಹಾಡಹಗಲು, ಚಂದದ ಬೆಟ್ಟದ ರಸ್ತೆ, ಪುಟ್ಟದೊಂದು ಹಳದಿ ಕಾರು. ಅಷ್ಟೇ. ಆದರೆ ಹೆಲಿಕಾಪ್ಟರಿನಲ್ಲಿರುವ ಕ್ಯಾಮೆರಾ ಆ ಕಾರಿನ ಬೆನ್ನು ಬಿಡುವುದಿಲ್ಲ. ಯಾರೋ ಹಿಂಬಾಲಿಸುತ್ತಿದ್ದಾರೆ ಅನ್ನಿಸತೊಡಗುತ್ತದೆ. ಜೊತೆಗೆ ಸಿಂಥಸೈಸರಿನಲ್ಲಿ ‘ದಿಯೆಸ್ ಈರೆ’ ಧಾಟಿ. ಸತ್ತವರ ಪೂಜೆಗೆ ಚರ್ಚುಗಳಲ್ಲಿ ಹಾಡುತ್ತಿದ್ದ ಮಧ್ಯಯುಗದ ಲ್ಯಾಟಿನ್ ಸ್ತೋತ್ರ ಅದು. ಗುರುತು ಸಿಗದವರಿಗೂ ಅದರ ಭಾರ ತಟ್ಟುತ್ತದೆ.

1975ರ ‘ಜಾಸ್’ನ ಮೊದಲ ದಾಳಿಯಲ್ಲಿ ಶಾರ್ಕ್ ಕಾಣುವುದೇ ಇಲ್ಲ. ರಾತ್ರಿಯ ಸಮುದ್ರ, ಈಜುತ್ತಿರುವ ಹುಡುಗಿ, ಅವಳನ್ನು ನೀರಿನಡಿಯಿಂದ ನೋಡುವ ಕ್ಯಾಮೆರಾ. ಉಳಿದದ್ದನ್ನು ನಮ್ಮ ತಲೆಯೇ ತುಂಬಿಸಿಕೊಳ್ಳುತ್ತದೆ.

ಇನ್ನು ನಿಮ್ಮ ಗುತ್ತಿನ ಮನೆಯ ಕಿರುಚಿತ್ರ. ದಯವಿಟ್ಟು ಗೆಜ್ಜೆ ಸದ್ದು, ಬಿಳಿ ಸೀರೆ ಬೇಡ. ಮುಸ್ಸಂಜೆ ತೋಟದಲ್ಲಿ ಜೀರುಂಡೆಗಳ ಸದ್ದನ್ನು ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಿ. ಚಾವಡಿಯ ಶಾಟನ್ನು ಕದಲಿಸದೆ ಇಡಿ. ಒಳಗಿನ ಬಾಗಿಲು ಅರ್ಧ ತೆರೆದು ಕತ್ತಲಾಗಿರಲಿ, ಒಬ್ಬಾಕೆ ಅದಕ್ಕೆ ಬೆನ್ನು ಹಾಕಿ ಅಡಿಕೆ ಸುಲಿಯುತ್ತಿರಲಿ. ನೋಡುಗರ ಕಿವಿ ಜೀರುಂಡೆಗೆ ಒಗ್ಗಿದ ಮೇಲೆ ಆ ಸದ್ದನ್ನು ಒಮ್ಮೆಲೇ ನಿಲ್ಲಿಸಿ. ಆಕೆ ಕೈ ನಿಲ್ಲಿಸಿ ತಲೆ ಎತ್ತಲಿ. ಬಾಗಿಲಲ್ಲಿ ಯಾರನ್ನೂ ತೋರಿಸಬೇಡಿ, ಅಲ್ಲಿಗೇ ಕಟ್ ಮಾಡಿ ಟೈಟಲ್ ಹಾಕಿ.