ಥ್ಯಾಕರೆ ಬೇರೆ, ಠಾಕೂರ್ ಬೇರೆ

ಪ್ರಶ್ನೆ: ಕಿತ್ತೂರಿನಲ್ಲಿ ಸತ್ತ ಕಲೆಕ್ಟರ್ ಥ್ಯಾಕರೆಯ ಹೆಸರು ನಮ್ಮ ‘ಠಾಕೂರ್’ನಿಂದ ಬಂದದ್ದಂತೆ, ನಿಜವೇ? ಮುಂಬೈಯ ಠಾಕ್ರೆಗಳಿಗೂ ಅವನಿಗೂ ಏನು ಸಂಬಂಧ? (ನಮ್ಮ ಅಡ್ಡಹೆಸರು ಕಿತ್ತೂರ, ಅದಕ್ಕೇ ಕುತೂಹಲ.)

ಉತ್ತರ: ಪ್ರತಿ ಅಕ್ಟೋಬರಿನಲ್ಲಿ, ಕಿತ್ತೂರು ಉತ್ಸವದ ಹೊತ್ತಿಗೆ, ಈ ಪ್ರಶ್ನೆ ತಪ್ಪದೆ ಬರುತ್ತದೆ. ಸುಳ್ಳು ಎಂದು ಬರೆದು ಬರೆದು ಕೈ ಸೋತಿದೆ. ಕಿವಿಗೆ ಒಂದೇ ಥರ ಕೇಳಿಸಿತೆಂದು ಎರಡು ಹೆಸರುಗಳಿಗೆ ಗಂಟು ಹಾಕಬಾರದು. ಮನೆತನ ಯಾವ ಸೀಮೆಯದು, ಹಳೆಯ ದಾಖಲೆಗಳಲ್ಲಿ ಹೆಸರು ಹೇಗಿದೆ ಎಂಬುದನ್ನು ಮೊದಲು ನೋಡಬೇಕು.

ಥ್ಯಾಕರೆ ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಅಪ್ಪಟ ಹೆಸರು. ಅಲ್ಲಿನ ವಾಶ್‌ಬರ್ನ್ ಕಣಿವೆಯ ಗ್ರೇಟ್ ಟಿಂಬಲ್ ಸೀಮೆಯಲ್ಲಿ ಥ್ಯಾಕ್ರೇ ಎಂಬ ಜಾಗವಿತ್ತು. ಈಗ ಹುಡುಕಿಕೊಂಡು ಹೋದರೆ ಸಿಗುವುದು ನೀರು. ಲೀಡ್ಸ್ ನಗರದ ಕುಡಿಯುವ ನೀರಿಗಾಗಿ 1870ರ ದಶಕದಲ್ಲಿ ಕಟ್ಟಿದ ಫ್ಯೂಸ್ಟನ್ ಜಲಾಶಯದ ಅಡಿಯಲ್ಲಿ ಅದು ಮುಳುಗಿದೆ. ಊರು ಹೋಗಿ ಹೆಸರು ಮಾತ್ರ ಉಳಿಯುವುದು ಎಂದರೇನು ಎಂದು ಬಾಗಲಕೋಟೆಯ ಕಡೆಯವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಶಬ್ದದಲ್ಲಿರುವುದು ಡೇನರಂಥ ಸ್ಕ್ಯಾಂಡಿನೇವಿಯದವರು ಆಡುತ್ತಿದ್ದ ಹಳೆಯ ನಾರ್ಸ್ ನುಡಿಯ ಎರಡು ಪದಗಳು. ‘ಥಾಕ್’ ಎಂದರೆ ಮಾಡಿಗೆ ಹೊದಿಸುವ ಜೊಂಡು, ‘ವ್ರಾ’ ಎಂದರೆ ಮೂಲೆ. ಒಟ್ಟಿನಲ್ಲಿ ಜೊಂಡುಹುಲ್ಲಿನ ಮೂಲೆ. 866ರಲ್ಲಿ ಡೇನರು ಯಾರ್ಕ್ ಪಟ್ಟಣವನ್ನು ಹಿಡಿದರು. ಆಮೇಲೆ ಅವರ ಜನ ಅಲ್ಲೇ ನೆಲೆಸಿದ್ದರಿಂದ ಆ ಸೀಮೆಯ ಹೊಲ, ಹಳ್ಳ, ಮೂಲೆಗಳಿಗೆ ಅವರ ನುಡಿಯ ಹೆಸರುಗಳು ಅಂಟಿಕೊಂಡವು. ಠಾಕೂರನಿಗೆ ಇಲ್ಲಿ ಜಾಗವೆಲ್ಲಿ?

ಊರು ಅಡ್ಡಹೆಸರಾಗುವ ಬಗೆ ನಿಮಗೆ ಗೊತ್ತಿರಬೇಕು. ಕಿತ್ತೂರಿನಲ್ಲೇ ಉಳಿದವನನ್ನು ಯಾರೂ ‘ಕಿತ್ತೂರ’ ಎಂದು ಕರೆಯುವುದಿಲ್ಲ. ಅವನು ಧಾರವಾಡಕ್ಕೆ ಬಂದು ಮನೆ ಮಾಡಿದ ಮೇಲೆ ಕರೆಯುತ್ತಾರೆ. ಥ್ಯಾಕ್ರೇ ಬಿಟ್ಟು ಹೊರಟವರಿಗೂ ಆದದ್ದು ಅದೇ. ಬರೆಯುವವನ ಕೈಗೆ ತಕ್ಕಂತೆ ಹೆಸರು ಥ್ಯಾಕ್ರೇ, ಥ್ಯಾಕ್ರಾ, ಥ್ಯಾಕರೆ ಎಂದೆಲ್ಲ ಆಯಿತು. ಕಸುಬಿನಿಂದ ಬರುವ ರೋಗಗಳ ಬಗ್ಗೆ 1831ರಲ್ಲೇ ಬರೆದ ಲೀಡ್ಸ್‌ನ ವೈದ್ಯ ಚಾರ್ಲ್ಸ್ ಟರ್ನರ್ ಥ್ಯಾಕ್ರಾನ ಹೆಸರೂ ಇದೇ ಬಗೆಯದು.

ನಿಮ್ಮ ಕಲೆಕ್ಟರನ ಮನೆತನ ಅದೇ ಯಾರ್ಕ್‌ಶೈರಿನ ಹ್ಯಾಂಪ್ಸ್‌ತ್ವೇಟ್ ಹಳ್ಳಿಯದು. ಅಲ್ಲಿಂದ ಬಂದ ಥಾಮಸ್ ಥ್ಯಾಕರೆ ಹ್ಯಾರೋ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದ. ಅವನಿಗೆ 16 ಮಕ್ಕಳು. ಕಿರಿಯವನು 1766ರಲ್ಲಿ ಕಂಪನಿಯ ಕೆಲಸ ಹಿಡಿದು ಬಂಗಾಳಕ್ಕೆ ಬಂದ. ಈ ಕಿರಿಯವನ ಮಗನೇ 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಸತ್ತ ಸೇಂಟ್ ಜಾನ್ ಥ್ಯಾಕರೆ. (ಆ ಮೊದಲ ಹೆಸರನ್ನು ‘ಸಿಂಜನ್’ ಎಂದು ಉಚ್ಚರಿಸುತ್ತಾರೆ. ಅವನನ್ನು ‘ಸಂತ ಜಾನ್’ ಎಂದು ಅನುವಾದಿಸಿದ ಲೇಖನವನ್ನೂ ಓದಿ ನರಳಿದ್ದೇನೆ.) ಅವನ ಅಣ್ಣನ ಮಗ, 1811ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆ. ಇವರು ಭಾರತಕ್ಕೆ ಹೆಸರನ್ನು ಹೊತ್ತುಕೊಂಡೇ ಬಂದವರು, ಇಲ್ಲಿಂದ ಪಡೆದವರಲ್ಲ.

ಮುಂಬೈಯ ಠಾಕ್ರೆ ಕಥೆ ತಿರುಗುಮುರುಗು. ಬಾಳ ಠಾಕ್ರೆಯವರ ತಂದೆ ಕೇಶವ ಸೀತಾರಾಮ ಠಾಕ್ರೆ ಆ ಕಾದಂಬರಿಕಾರನನ್ನು ಮೆಚ್ಚಿ, ತಮ್ಮ ಮರಾಠಿ ಹೆಸರನ್ನು ಇಂಗ್ಲಿಷಿನಲ್ಲಿ ಅವನಂತೆ ಬರೆಯತೊಡಗಿದರು. ತೆಗೆದುಕೊಂಡದ್ದು ಸ್ಪೆಲಿಂಗ್ ಮಾತ್ರ.

ಭಾರತದ ನಂಟು ಬೇಕೇ ಬೇಕು ಎಂದು ಹಟ ಹಿಡಿದರೆ ಒಂದಿದೆ, ಬಹಳ ದೂರದ್ದು. ನಾರ್ಸ್ ‘ಥಾಕ್’ನ ಬೇರನ್ನು ಭಾಷಾಶಾಸ್ತ್ರಜ್ಞರು ಮುಚ್ಚು ಎಂಬರ್ಥದ ಸಂಸ್ಕೃತದ ‘ಸ್ಥಗ್’ ಧಾತುವಿನ ಜೊತೆ ಸೇರಿಸುತ್ತಾರೆ. ನಮ್ಮ ‘ಸ್ಥಗಿತ’ ಅದರದೇ ರೂಪ. ಇಬ್ಬರಿಗೂ ಒಬ್ಬ ಮುತ್ತಜ್ಜ ಇದ್ದ ಎಂಬುದಷ್ಟೇ ಇದರ ಅರ್ಥ. ಇದನ್ನು ಹಿಡಿದುಕೊಂಡು ‘ಥ್ಯಾಕರೆ ಸಂಸ್ಕೃತ ಪದ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹಂಚಿದರೆ ಮುಂದಿನ ಅಕ್ಟೋಬರಿನಲ್ಲಿ ಅದಕ್ಕೂ ನಾನೇ ಉತ್ತರಿಸಬೇಕು, ದಯವಿಟ್ಟು ಬೇಡ.

ಪ್ರಶ್ನೆ: ನಮ್ಮ ಆಂಗ್ಲೋ ಇಂಡಿಯನ್ ಮನೆತನದ ‘ಹೆಸರಿನ ಲಾಂಛನ’ವನ್ನು ಚೌಕಟ್ಟು ಹಾಕಿ ಕಳಿಸುತ್ತೇವೆ ಎಂದು ಯಾರೋ ಕರೆ ಮಾಡಿ ಹೇಳುತ್ತಾರೆ. ಕೊಳ್ಳಬಹುದೇ?

ಉತ್ತರ: ಗೋಡೆಯ ಬಿರುಕು ಮುಚ್ಚಲು ಬೇಕಿದ್ದರೆ ಕೊಳ್ಳಿ. ಇಂಗ್ಲೆಂಡಿನಲ್ಲಿ ಲಾಂಛನ ಸಿಗುವುದು ವ್ಯಕ್ತಿಗೆ, ಇಳಿಯುವುದು ಅವನ ವಂಶಕ್ಕೆ. ಅಡ್ಡಹೆಸರಿಗೆ ಲಾಂಛನವೆಂಬುದೇ ಇಲ್ಲ. ಅದನ್ನು ನೋಡಿಕೊಳ್ಳಲು 1484ರಿಂದ ಲಂಡನ್ನಿನಲ್ಲಿ ಕಾಲೇಜ್ ಆಫ್ ಆರ್ಮ್ಸ್ ಇದೆ. ನಿಮಗೆ ಕರೆ ಮಾಡಿದವರು ಠಕ್ಕರು.

ಪ್ರಶ್ನೆ: ಡಿಎನ್‌ಎ ಪರೀಕ್ಷೆಗೆ ಎಂಜಲು ಕಳಿಸಿದರೆ ಅಡ್ಡಹೆಸರಿನ ಅರ್ಥ ತಿಳಿಯುತ್ತದೆಯೇ?

ಉತ್ತರ: ಇಲ್ಲ. ಒಂದೇ ಹೆಸರಿನ ಇಬ್ಬರು ಗಂಡಸರು ತಂದೆಯ ಕಡೆಯಿಂದ ಒಬ್ಬನೇ ಮೂಲಪುರುಷನಿಗೆ ಸೇರುತ್ತಾರೆಯೇ ಎಂಬುದು ತಿಳಿದೀತು, ಅಷ್ಟೇ.

ಪ್ರಶ್ನೆ: ಸ್ಮಿತ್‌ಗಳೆಲ್ಲ ಒಂದೇ ವಂಶದವರೇ?

ಉತ್ತರ: ನಮ್ಮ ಕಂಬಾರರೆಲ್ಲ ಒಂದೇ ಮನೆಯವರೇ?

ಪ್ರಶ್ನೆ: ಕಬ್ಬನ್ ಎಂಬ ಇಂಗ್ಲಿಷ್ ಹೆಸರಿನ ಅರ್ಥವೇನು?

ಉತ್ತರ: ಇಂಗ್ಲಿಷ್ ಅಲ್ಲ, ಐಲ್ ಆಫ್ ಮ್ಯಾನ್ ದ್ವೀಪದ್ದು. ಮ್ಯಾಕ್ ಗಿಬ್ಬನ್, ಅಂದರೆ ಗಿಬ್ಬನ್ನನ ಮಗ. ‘ಮ್ಯಾ’ ಬಿದ್ದುಹೋಗಿ ಕೊನೆಯ ‘ಕ್’ ಮಾತ್ರ ಅಂಟಿಕೊಂಡಿದೆ. ಕಬ್ಬಿನ ಗದ್ದೆಗೂ ಅದಕ್ಕೂ ಸಂಬಂಧವಿಲ್ಲ.